ಚಿಕ್ಕಮಗಳೂರಿನಲ್ಲಿದ್ದು ಫಿಗರ್ ಸ್ಕೇಟಿಂಗ್: ಗಾಲಿಯಿಂದ ಬ್ಲೇಡ್‌ಗೆ ಬರುವಷ್ಟರಲ್ಲಿ ಎದುರಾದದ್ದು

ಮಗಳ ಮೊದಲ ಐಸ್ ಸ್ಪರ್ಧೆ ಮುಗಿದು ಮೂರು ವಾರವಾಯಿತು. ಎಂಟನೇ ವಯಸ್ಸಿನಲ್ಲಿ ಗಾಲಿ ಕಟ್ಟಿದವಳು ಐಸ್ ಸ್ಕೇಟ್‌ನ ಬ್ಲೇಡ್ ಮೇಲೆ ಒಂದು ಪ್ರೋಗ್ರಾಂ, ಅಂದರೆ ಸಂಗೀತಕ್ಕೆ ನೆಗೆತ, ಸ್ಪಿನ್‌ಗಳನ್ನು ಜೋಡಿಸಿದ ಪ್ರದರ್ಶನ, ಪೂರ್ತಿ ಮಾಡಲು ಏಳು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷವಾದರೂ ತಪ್ಪು ಬೂಟು, ತಪ್ಪಿದ ದಾಖಲೆ, ತಪ್ಪು ನೆಲದ ಮೇಲಿನ ಅಭ್ಯಾಸದಲ್ಲಿ ಹೋಯಿತು. ಹೇಳಿಕೊಡುವವರಿದ್ದಿದ್ದರೆ ಉಳಿಯುತ್ತಿದ್ದ ವರ್ಷಗಳವು. ಈಗ ಕಡೂರು, ಮೂಡಿಗೆರೆ, ಬೇಲೂರು ಕಡೆಯ ತಂದೆ ತಾಯಿಯರು ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಹಾಗಾಗಿ ನಡೆದ ಕ್ರಮದಲ್ಲೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲು ನೆಲದ ವಿಷಯ. ನಮ್ಮ ಕಡೆ ಸ್ಕೇಟಿಂಗ್ ಎಂದರೆ ಬಹುಪಾಲು ಸ್ಪೀಡ್ ಸ್ಕೇಟಿಂಗ್. ಕೋಚ್‌ಗಳೂ ಅದನ್ನೇ ಕಲಿಸುತ್ತಾರೆ, ಅಂಗಡಿಯಲ್ಲಿ ಸಿಗುವ ಸ್ಕೇಟ್ಸ್ ಕೂಡ ಅದಕ್ಕೇ ಹೊಂದುವಂಥವು. ಆರ್ಟಿಸ್ಟಿಕ್ ಸ್ಕೇಟಿಂಗ್‌ಗೆ, ಅಂದರೆ ಗಾಲಿಯ ಮೇಲಿನ ಫಿಗರ್ ಸ್ಕೇಟಿಂಗ್‌ಗೆ, ಬೇಕಾದದ್ದು ಬೇರೆ ಥರದ ನೆಲ. ಇಳಿಜಾರು ಇರಬಾರದು, ಹರಳು ಇರಬಾರದು, ಜೋಡಣೆಯ ಗೆರೆಗಳು ಗಾಲಿಗೆ ತಾಗಬಾರದು. ಚಿಕ್ಕಮಗಳೂರಿನಲ್ಲಿ ಅಂಥ ನೆಲ ಹುಡುಕಿದರೆ ಸಿಗುವುದು ಎರಡು ಕಡೆ: ಕಾಫಿ ತೋಟದ ಕಣ, ಇಲ್ಲವೇ ಕಲ್ಯಾಣ ಮಂಟಪ.

ಕಣ ವಿಶಾಲವಾಗಿರುತ್ತದೆ, ಬಾಡಿಗೆ ಇಲ್ಲ. ಆದರೆ ನೀರು ಹರಿದು ಹೋಗಲೆಂದು ಅದಕ್ಕೆ ಸಣ್ಣ ವಾಟ ಕೊಟ್ಟೇ ಕಟ್ಟಿರುತ್ತಾರೆ. ನಡೆಯುವವರಿಗೆ ಗೊತ್ತಾಗದ ಆ ವಾಟ ಒಂದು ಕಾಲಿನ ಮೇಲೆ ಹಿಮ್ಮುಖವಾಗಿ ಜಾರುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸ್ಪಿನ್ ಮಾಡಿದರೆ ಪ್ರತಿ ಸುತ್ತಿಗೂ ತಗ್ಗಿನ ಕಡೆಗೆ ಸರಿಯುತ್ತದೆ. ಆಲ್ದೂರು ಕಡೆಯ ಒಂದು ತೋಟದಲ್ಲಿ ಅವಕಾಶ ಸಿಕ್ಕಾಗ ಯಜಮಾನರು ಹೇಳಿದ ಷರತ್ತು ಒಂದೇ: "ನೋಡಮ್ಮ, ಹಣ್ಣು ಕೊಯ್ಲು ಶುರುವಾಗೋವರೆಗೆ ಎಷ್ಟು ಬೇಕಾದ್ರೂ ಆಡಿಸ್ಕೊಳ್ಳಿ. ಆಮೇಲೆ ಕಣ ಕೇಳ್ಬೇಡಿ." ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣದ ತುಂಬ ಕಾಫಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದರ ಹಿಂದೆಯೇ ಪಾಚಿ. ಪಾಚಿ ಉಜ್ಜಿ ತೆಗೆದರೂ ಒಂದು ವಾರ ಜಾರುತ್ತದೆ. ಉಳಿಯುವುದು ಏಪ್ರಿಲ್, ಮೇ, ಅಕ್ಟೋಬರ್, ನವೆಂಬರ್. ವರ್ಷಕ್ಕೆ ನಾಲ್ಕು ತಿಂಗಳ ಅಭ್ಯಾಸದಿಂದ ಈ ಕ್ರೀಡೆ ಕೈಗೆ ಬರುವುದಿಲ್ಲ. ಹಾಗಾಗಿ ಮಳೆಗಾಲಕ್ಕೆ ಕಲ್ಯಾಣ ಮಂಟಪ ಬೇಕೇ ಬೇಕು. ಆಷಾಢದಲ್ಲಿ ಮದುವೆ ಇಲ್ಲದ್ದರಿಂದ ಆಗ ಕೇಳಿದರೆ ಕಡಿಮೆ ದರಕ್ಕೆ ಒಪ್ಪುತ್ತಾರೆ. ಅವರ ಭಯ ನೆಲದ ಮೇಲೆ ಕಪ್ಪು ಗೆರೆ ಬೀಳುತ್ತದೆಂಬುದು. ಗುರುತು ಬೀಳದ ಟೋ ಸ್ಟಾಪ್ (ಸ್ಕೇಟ್‌ನ ಮುಂತುದಿಯ ರಬ್ಬರ್ ತಡೆ) ಹಾಕಿಸಿ, ಅವರ ಎದುರಿಗೇ ಒಮ್ಮೆ ಉಜ್ಜಿ ತೋರಿಸಿ. ಮಾತಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ಸ್ಕೇಟ್ಸ್ ಕೊಳ್ಳುವಾಗ ಮೊದಲ ತಪ್ಪು ಆಗುವುದು ಅಂಗಡಿಯಲ್ಲಿ. ಅಳತೆ ಹಿಗ್ಗಿಸುವ, ಒಂದೇ ಸಾಲಿನಲ್ಲಿ ನಾಲ್ಕು ಗಾಲಿಯ ಸ್ಕೇಟ್ಸ್ ತೋರಿಸಿ "ಎರಡು ವರ್ಷ ಬರುತ್ತೆ" ಎನ್ನುತ್ತಾರೆ. ಅದು ಆಟಕ್ಕೆ ಸರಿ, ಆರ್ಟಿಸ್ಟಿಕ್‌ಗೆ ಬೇಡ. ಬೇಕಾದದ್ದು ಕ್ವಾಡ್: ಮುಂದೆ ಎರಡು, ಹಿಂದೆ ಎರಡು ಗಾಲಿ, ಹಿಮ್ಮಡಿ ಎತ್ತರದ ಗಟ್ಟಿ ಬೂಟು, ಲೋಹದ ಪ್ಲೇಟ್, ಮುಂದೆ ಟೋ ಸ್ಟಾಪ್. ಗಾಲಿಯ ವ್ಯಾಸ ಸಾಮಾನ್ಯವಾಗಿ 57 ಮಿ.ಮೀ. ಗಡಸುತನ ನೆಲಕ್ಕೆ ತಕ್ಕಂತೆ ಬದಲಾಗಬೇಕು. ನುಣುಪು ಗ್ರಾನೈಟ್ ಮೇಲೆ ಗಡಸು ಗಾಲಿ ಜಾರಿ ಮಗು ಬೀಳುತ್ತದೆ. ಒರಟು ಸಿಮೆಂಟ್ ಮೇಲೆ ಮೆದು ಗಾಲಿ ಹಿಡಿದುಕೊಂಡು ಸ್ಪಿನ್ ನಿಲ್ಲಿಸಿಬಿಡುತ್ತದೆ, ಬೇಗ ಸವೆಯುತ್ತದೆ ಕೂಡ. ಕಣಕ್ಕೊಂದು ಜೊತೆ, ಮಂಟಪಕ್ಕೊಂದು ಜೊತೆ ಗಾಲಿ ಇಟ್ಟುಕೊಳ್ಳುವುದೇ ಒಳ್ಳೆಯದು. ಬೇರಿಂಗ್ ತರಿಸುವ ಮುನ್ನ ಪ್ಲೇಟಿನ ಅಚ್ಚು (ಗಾಲಿ ತಿರುಗುವ ಕಡ್ಡಿ) 7 ಮಿ.ಮೀ.ಯದೋ 8 ಮಿ.ಮೀ.ಯದೋ ಅಳೆಯಿರಿ. ಎರಡೂ ಇವೆ, ನೋಡಲು ಒಂದೇ ಥರ. ನಾವು 8ರ ಬೇರಿಂಗ್ 16 ತರಿಸಿ ಹಾಗೇ ಪೆಟ್ಟಿಗೆಯಲ್ಲಿಟ್ಟಿದ್ದೇವೆ.

ಟ್ರಕ್‌ನ, ಅಂದರೆ ಗಾಲಿಯ ಅಚ್ಚನ್ನು ಪ್ಲೇಟಿಗೆ ಹಿಡಿದು ವಾಲಲು ಬಿಡುವ ಭಾಗದ, ಬಿಗಿತ ಇನ್ನೊಂದು ಸೂಕ್ಷ್ಮ. ಬಿಗಿ ಹೆಚ್ಚಾದರೆ ಗಾಲಿ ಅಂಚಿಗೆ ವಾಲುವುದಿಲ್ಲ, ವೃತ್ತ ದೊಡ್ಡದಾಗುತ್ತದೆ. ಸಡಿಲವಾದರೆ ನೆಗೆದು ಇಳಿಯುವಾಗ ಕಾಲು ನಡುಗುತ್ತದೆ. ಕಾಲು ಗಂಟೆಗೊಮ್ಮೆ ಅಲ್ಲ, ತಿಂಗಳಿಗೊಮ್ಮೆ, ಅದೂ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಸರಿಮಾಡಿ, ಪುಸ್ತಕದಲ್ಲಿ ಬರೆದಿಡಿ. ಮಕ್ಕಳು ಬಿದ್ದಾಗಲೆಲ್ಲ ಸ್ಪ್ಯಾನರ್ ಹಿಡಿದರೆ ತಪ್ಪು ಕಾಲಿನದೋ ಗಾಲಿಯದೋ ಯಾವತ್ತೂ ಗೊತ್ತಾಗುವುದಿಲ್ಲ.

ಎರಡನೇ ವರ್ಷ ದಾಖಲೆಗಳ ಸರದಿ. ರೋಲರ್, ಅಂದರೆ ಗಾಲಿಯ, ಸ್ಪರ್ಧೆಗಳು ರೋಲರ್ ಸ್ಕೇಟಿಂಗ್ ಫೆಡರೇಷನ್ ಆಫ್ ಇಂಡಿಯಾದ ಅಡಿಯಲ್ಲಿ ನಡೆಯುತ್ತವೆ. ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೆಟ್ಟಿಲು. ನೋಂದಣಿಗೆ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಫೋಟೊ ಬೇಕು. ಸಿಕ್ಕಿಬೀಳುವುದು ಇನಿಷಿಯಲ್‌ನಲ್ಲಿ. ಜನನ ಪ್ರಮಾಣಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಒಂದಕ್ಷರ, ಶಾಲೆಯಲ್ಲಿ ಊರಿನ ಹೆಸರಿನ ಅಕ್ಷರವೂ ಸೇರಿ ಎರಡು. ಈ ಮೂರೂ ಒಂದೇ ಆಗಿರದಿದ್ದರೆ ಅರ್ಜಿ ವಾಪಸ್ ಬರುತ್ತದೆ, ಅಷ್ಟರಲ್ಲಿ ಕೊನೆಯ ದಿನ ದಾಟಿರುತ್ತದೆ. ನಮ್ಮದು ಹಾಗೇ ಆಗಿ ಒಂದು ಇಡೀ ವರ್ಷದ ಸ್ಪರ್ಧೆ ಹೋಯಿತು. ಮಗುವಿಗೆ ಅದನ್ನು ಅರ್ಥಮಾಡಿಸುವುದೇ ಕಷ್ಟ. ಅಭ್ಯಾಸ ಮಾಡಿದ್ದಾಳೆ, ಬಟ್ಟೆ ಹೊಲಿಸಿದೆ, ಒಂದು ಅಕ್ಷರದಿಂದಾಗಿ ಹೋಗುವಂತಿಲ್ಲ.

ಕೆಲವರ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ, "ಹೆಣ್ಣು ಮಗು" ಎಂದಷ್ಟೇ ಇರುತ್ತದೆ. ಒಂದು ವರ್ಷದೊಳಗೆ ಉಚಿತವಾಗಿ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಸ್ಪರ್ಧೆಯ ಸುತ್ತೋಲೆ ಬಂದ ಮೇಲೆ ಓಡಾಡಬೇಡಿ. ಸ್ಕೇಟ್ಸ್ ಕೊಂಡ ವಾರವೇ ಈ ಕೆಲಸ ಮುಗಿಸಿ. ಮೊದಲು ಜನನ ಪ್ರಮಾಣಪತ್ರ ಸರಿಮಾಡಿಸಿ, ಅದನ್ನು ಆಧಾರವಾಗಿಟ್ಟುಕೊಂಡು ಆಧಾರ್, ಕೊನೆಗೆ ಶಾಲೆ. ಉಲ್ಟಾ ಹೊರಟರೆ ಪ್ರತಿ ಕಚೇರಿಯಲ್ಲೂ ಇನ್ನೊಂದು ಕಚೇರಿಯ ಕಾಗದ ಕೇಳುತ್ತಾರೆ.

ರೋಲರ್ ಆರ್ಟಿಸ್ಟಿಕ್‌ನಲ್ಲಿ ಫಿಗರ್ಸ್, ಫ್ರೀ ಸ್ಕೇಟಿಂಗ್, ಸೋಲೊ ಡ್ಯಾನ್ಸ್, ಪೇರ್ (ಜೋಡಿ), ಇನ್‌ಲೈನ್ (ಒಂದೇ ಸಾಲಿನ ಗಾಲಿ) ಎಂದು ವಿಭಾಗಗಳಿವೆ. ಫಿಗರ್ಸ್ ಎಂದರೆ ನೆಲದಲ್ಲಿ ಬರೆದ ವೃತ್ತದ ಗೆರೆಯ ಮೇಲೆಯೇ ಒಂದು ಕಾಲಿನಲ್ಲಿ ಸಾಗುವುದು. ದೊಡ್ಡ ವೃತ್ತದ ವ್ಯಾಸ 6 ಮೀಟರ್, ಲೂಪ್ ಎಂಬ ಸಣ್ಣ ವೃತ್ತದ್ದು 2.4 ಮೀಟರ್. ನೋಡುವವರಿಗೆ ಬೇಸರ, ಮಾಡುವ ಮಕ್ಕಳಿಗೆ ಇನ್ನೂ ಬೇಸರ. ಆದರೂ ಮೊದಲ ಎರಡು ವರ್ಷ ಇದನ್ನು ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಹಗ್ಗ, ಮೊಳೆ, ಸೀಮೆಸುಣ್ಣ ಇದ್ದರೆ ಕಣದ ಮೇಲೆ ಮೂರು ವೃತ್ತ ಎಳೆಯಬಹುದು. ಹೊರ ಅಂಚು, ಒಳ ಅಂಚು (ಪಾದ ಹೊರಕ್ಕೋ ಒಳಕ್ಕೋ ವಾಲಿ ಸಾಗುವುದು) ಎಂಬುದು ಕಾಲಿಗೆ ತಿಳಿಯುವುದು ಅಲ್ಲಿಯೇ. ಮುಂದೆ ಐಸ್ ಮೇಲೆ ನಮ್ಮ ಹುಡುಗಿಯ ಕೈಹಿಡಿದದ್ದು ಆ ಸೀಮೆಸುಣ್ಣದ ಗೆರೆಗಳು. ಅವಸರದಲ್ಲಿ ಕಲಿತ ನೆಗೆತಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಕಲಿಯಬೇಕಾಯಿತು.

ಗಾಲಿಯಲ್ಲಿಯೇ ಪೂರ್ಣ ವೃತ್ತಿಜೀವನ ಇದೆ ಎಂಬುದನ್ನೂ ಮರೆಯಬೇಡಿ. ಹೈದರಾಬಾದಿನ ಅನೂಪ್ ಕುಮಾರ್ ಯಾಮ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಫ್ರೀ ಸ್ಕೇಟಿಂಗ್‌ನಲ್ಲಿ ಕಂಚು, ಅವನಿ ಪಾಂಚಾಲ್ ಜೊತೆ ಪೇರ್ ವಿಭಾಗದಲ್ಲಿ ಇನ್ನೊಂದು ಕಂಚು ಗೆದ್ದದ್ದು ಕ್ವಾಡ್ ಮೇಲೆ. ಐಸ್‌ಗೆ ಹೋಗಲೇಬೇಕೆಂಬ ಒತ್ತಡ ಮಗುವಿನ ಮೇಲೆ ಹಾಕುವ ಅಗತ್ಯವಿಲ್ಲ. ನಾವು ಹೋದದ್ದು ಅವಳ ಹಟಕ್ಕೆ.

ಆ ನಿರ್ಧಾರ ಮಾಡಿದಾಗ ಅವಳಿಗೆ ಹದಿಮೂರು. ಕ್ವಾಡ್‌ನಿಂದ ನೇರ ಐಸ್‌ಗೆ ಹೋಗದೆ ನಡುವೆ ಒಂದು ವರ್ಷ ಇನ್‌ಲೈನ್ ಫಿಗರ್ ಫ್ರೇಮ್ ಮೇಲೆ ಕಳೆದೆವು. ಇದು ಸ್ಪೀಡ್ ಇನ್‌ಲೈನ್‌ನಂತಲ್ಲ. ಗಾಲಿಗಳು ಒಂದೇ ಸಾಲಿನಲ್ಲಿದ್ದರೂ ನಡುವಿನದು ಉಳಿದವಕ್ಕಿಂತ ತುಸು ತಗ್ಗಿನಲ್ಲಿರುತ್ತದೆ, ಬ್ಲೇಡ್‌ನ ಬಾಗಿನ ಹಾಗೆ. ಮುಂದೆ ಟೋ ಪಿಕ್‌ನ (ಬ್ಲೇಡ್ ತುದಿಯ ಹಲ್ಲುಗಳ) ಜಾಗದಲ್ಲಿ ರಬ್ಬರ್ ಇರುತ್ತದೆ. ಫಿಗರ್ ಸ್ಕೇಟಿಂಗ್ ಬೂಟಿನ ಅಡಿಗೆ ಇದನ್ನು ಸ್ಕ್ರೂ ಹಾಕಿ ಕೂರಿಸಬಹುದು, ಮುಂದೆ ಅದನ್ನೇ ತೆಗೆದು ಬ್ಲೇಡ್ ಹಾಕಬಹುದು. ಹಣ ಉಳಿಯಿತೆಂದು ಖುಷಿಪಟ್ಟೆವು. ಆದರೆ ತೆಗೆದು ಹಾಕಿ ಮಾಡಿದಂತೆಲ್ಲ ಅಟ್ಟೆಯಲ್ಲಿ ತೂತು ಹೆಚ್ಚಿ ಸ್ಕ್ರೂ ಹಿಡಿತ ಬಿಡುತ್ತದೆ. ಒಮ್ಮೆ ಬದಲಿಸಬಹುದು. ಮಳೆಗಾಲಕ್ಕೊಂದು ಚಳಿಗಾಲಕ್ಕೊಂದು ಎಂದು ಪದೇ ಪದೇ ಬದಲಿಸುವುದಾದರೆ ಎರಡು ಬೂಟು ಬೇಕು.

ಬೂಟಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಹಣ ಹೋಗುವುದು ಇಲ್ಲಿ, ಕಾಲು ಹಾಳಾಗುವುದೂ ಇಲ್ಲಿ. ಎಡಿಯಾ, ಜಾಕ್ಸನ್, ರಿಸ್‌ಪೋರ್ಟ್ ಮುಂತಾದ ಕಂಪನಿಗಳ ಬೂಟು ಹೊರದೇಶದಿಂದ ಬರಬೇಕು. ಅಳತೆ ಸಂಜೆ ತೆಗೆಯಿರಿ, ಆಗ ಪಾದ ತುಸು ಉಬ್ಬಿರುತ್ತದೆ. ತೆಳು ಕಾಲುಚೀಲ ಹಾಕಿ, ಗೋಡೆಗೆ ಹಿಮ್ಮಡಿ ತಾಗಿಸಿ, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿಸಿ, ಕಾಗದದ ಮೇಲೆ ಪೆನ್ಸಿಲ್ ನೆಟ್ಟಗೆ ಹಿಡಿದು ಗೆರೆ ಎಳೆದು, ಉದ್ದವನ್ನೂ ಬೆರಳ ಗಂಟಿನ ಬಳಿಯ ಅಗಲವನ್ನೂ ಮಿಲಿಮೀಟರ್‌ನಲ್ಲಿ ಬರೆಯಿರಿ. ಎರಡು ಪಾದ ಒಂದೇ ಅಳತೆ ಇರುವುದಿಲ್ಲ. ಕಂಪನಿಯ ಪಟ್ಟಿಯನ್ನೇ ನೋಡಿ. ಬಾಟಾ ಅಳತೆಯಿಂದ ಲೆಕ್ಕ ಹಾಕಿದವರೆಲ್ಲ ಒಂದು ಸೈಜ್ ದೊಡ್ಡದನ್ನೇ ತರಿಸಿಕೊಂಡಿದ್ದಾರೆ. "ಬೆಳೆಯುವ ಮಗು, ದೊಡ್ಡದೇ ಇರಲಿ" ಎಂಬ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಹಿಮ್ಮಡಿ ಒಳಗೆ ಎದ್ದರೆ ಅಂಚು ನಿಲ್ಲುವುದಿಲ್ಲ, ಮಗು ಲೇಸ್ ಬಿಗಿದು ಬಿಗಿದು ಕಾಲಿನ ಮುಂಭಾಗದ ಸ್ನಾಯುರಜ್ಜು ಊದಿಸಿಕೊಳ್ಳುತ್ತದೆ. ಗಟ್ಟಿತನವನ್ನೂ ಮಗುವಿನ ತೂಕಕ್ಕೆ, ಮಾಡುವ ನೆಗೆತಕ್ಕೆ ತಕ್ಕಂತೆ ಆರಿಸಬೇಕು. ಒಂದು ಸುತ್ತಿನ ನೆಗೆತ ಮಾಡುವವರಿಗೆ ಮೂರು ಸುತ್ತಿನವರ ಬೂಟು ಕೊಟ್ಟರೆ ಪಾದದ ಕೀಲು ಬಾಗುವುದೇ ಇಲ್ಲ, ಮಂಡಿ ಬಾಗಿಸಿ ಇಳಿಯುವುದನ್ನು ಮಗು ಕಲಿಯುವುದಿಲ್ಲ.

ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿತು. ಕೊರಿಯರ್‌ನವರು ತರಿಸಿಕೊಳ್ಳುವವರ ಗುರುತಿನ ದಾಖಲೆ ಕೇಳುತ್ತಾರೆ. ಸಂದೇಶ ಬಂದದ್ದು ಇಮೇಲ್‌ಗೆ, ನಾವು ನೋಡಿದ್ದು ಒಂಬತ್ತನೇ ದಿನಕ್ಕೆ. ಆರ್ಡರ್ ಮಾಡಿದ ಹೆಸರು, ಆಧಾರ್‌ನ ಹೆಸರು, ಹಣ ಕಟ್ಟಿದ ಕಾರ್ಡ್‌ನ ಹೆಸರು ಒಂದೇ ಇರಲಿ. ಸುಂಕ, ಐಜಿಎಸ್‌ಟಿ, ಕೊರಿಯರ್‌ನ ನಿರ್ವಹಣಾ ಶುಲ್ಕ ಸೇರಿ ಬೂಟು ಮತ್ತು ಬ್ಲೇಡ್‌ನ ಬೆಲೆಯ ಮೂರನೇ ಒಂದರಷ್ಟು ಮತ್ತೆ ಕಟ್ಟಿದೆವು. ಒಟ್ಟು 68,000 ರೂಪಾಯಿ ಮುಟ್ಟಿತು. ಆರ್ಡರ್ ಮಾಡಿದ ದಿನದಿಂದ ಮನೆ ಬಾಗಿಲಿಗೆ ಬರಲು ಏಳು ವಾರ. ಐಸ್ ತರಬೇತಿ ಶಿಬಿರಕ್ಕೆ ಹೊರಡುವ ಮುಂಚೆ ಮೂರು ತಿಂಗಳಾದರೂ ಇಟ್ಟುಕೊಂಡು ತರಿಸಿ. ಹೊಸ ಬೂಟು ಹದಕ್ಕೆ ಬರಲು ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಹಾಕಿ ಓಡಾಡಬೇಕು, ಬ್ಲೇಡ್‌ಗೆ ಗಟ್ಟಿ ಗಾರ್ಡ್ ಹಾಕಿಕೊಂಡು. ಬಿಸಿ ಮಾಡಿ ಕಾಲಿನ ಆಕಾರಕ್ಕೆ ತರುವ ಬೂಟಾದರೆ ಆ ಕೆಲಸ ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಮನೆಯ ಓವನ್ ಬೇಡ.

ಬ್ಲೇಡ್ ಕೂರಿಸುವಾಗ ಮೊದಲು ಉದ್ದ ಸೀಳಿನ ತೂತುಗಳಲ್ಲಿ ಮಾತ್ರ ಸ್ಕ್ರೂ ಹಾಕಿಸಿ. ಒಂದೆರಡು ವಾರ ಜಾರಿ ನೋಡಿ, ಒಂದೇ ಕಾಲಿನ ಮೇಲೆ ನೇರ ಹೋಗುವಾಗ ಒಳಕ್ಕೋ ಹೊರಕ್ಕೋ ಎಳೆದರೆ ಬ್ಲೇಡನ್ನು ತುಸು ಸರಿಸಿ, ಆಮೇಲೆ ಉಳಿದ ಸ್ಕ್ರೂ ಬಿಗಿಸಿ. ಮೊದಲ ದಿನವೇ ಎಲ್ಲ ಸ್ಕ್ರೂ ಬಿಗಿದರೆ ಸರಿಸುವ ದಾರಿ ಇರುವುದಿಲ್ಲ.

ಇನ್ನು ಐಸ್ ಎಲ್ಲಿದೆ? ಅಂತರರಾಷ್ಟ್ರೀಯ ಅಳತೆಯ ರಿಂಕ್ ಎಂದರೆ 60 ಮೀಟರ್ ಉದ್ದ, 30 ಮೀಟರ್ ಅಗಲ. ಡೆಹ್ರಾಡೂನ್‌ನ ಹಿಮಾದ್ರಿ ರಿಂಕ್ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ್ದು. ವರ್ಷಗಟ್ಟಲೆ ಮುಚ್ಚಿದ್ದು 2025ರಲ್ಲಿ ಮತ್ತೆ ತೆರೆಯಿತು. ಗುರುಗ್ರಾಮದಲ್ಲಿ ಆಂಬಿಯೆನ್ಸ್ ಮಾಲ್‌ನ ಒಳಗಿರುವುದು ಅದಕ್ಕಿಂತ ಚಿಕ್ಕದು. ಶಿಮ್ಲಾದ್ದು ರಾತ್ರಿಯ ಚಳಿಗೆ ತಾನಾಗಿಯೇ ಹೆಪ್ಪುಗಟ್ಟುವ ಬಯಲು ರಿಂಕ್, ಚಳಿಗಾಲದ ಕೆಲವು ವಾರ ಮಾತ್ರ, ಮೋಡ ಕವಿದರೆ ಅದೂ ಇಲ್ಲ. ಮಾಲ್‌ಗಳ ಪುಟ್ಟ ರಿಂಕ್‌ಗಳಲ್ಲಿ ಸಮತೋಲನ ಕಲಿಯಬಹುದು, ನೆಗೆತಕ್ಕೆ ಜಾಗ ಸಾಲದು. ಕೆಲವು ಕಡೆ ಐಸ್ ಅಲ್ಲದ ಪ್ಲಾಸ್ಟಿಕ್ ಹಲಗೆ ಹಾಕಿರುತ್ತಾರೆ. ಅದರ ಮೇಲೆ ಬ್ಲೇಡ್ ಒಂದೇ ದಿನದಲ್ಲಿ ಮೊಂಡಾಗುತ್ತದೆ. ಹಣ ಕಟ್ಟುವ ಮೊದಲೇ ಕೇಳಿ.

ಚಿಕ್ಕಮಗಳೂರಿನಿಂದ ರಾತ್ರಿ ಬಸ್‌ಗೆ ಬೆಂಗಳೂರು, ಅಲ್ಲಿಂದ ವಿಮಾನ. ಬ್ಲೇಡ್ ಕ್ಯಾಬಿನ್‌ಗೆ ಬಿಡುವುದಿಲ್ಲ, ಚೆಕ್ ಇನ್ ಸಾಮಾನಿನಲ್ಲೇ ಹಾಕಬೇಕು. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ದೆಹಲಿ ಮಂಜಿನಿಂದ ವಿಮಾನ ತಡವಾಗುತ್ತದೆ. ಸ್ಪರ್ಧೆಯ ಹಿಂದಿನ ದಿನ ತಲುಪುವ ಟಿಕೆಟ್ ತೆಗೆಯಬೇಡಿ.

ಮೊದಲ ಶಿಬಿರ 21 ದಿನ, ದಿನಕ್ಕೆ ಎರಡು ಗಂಟೆ. ಮೊದಲ ಮೂರು ದಿನ ಅವಳು ಮುಂದಕ್ಕೇ ಬಿದ್ದಳು. ಗಾಲಿಯವರ ದೇಹಭಾರ ಮುಂಗಾಲಿನ ಕಡೆಗೆ ಇರುತ್ತದೆ, ಟೋ ಸ್ಟಾಪ್ ಒರಗಿಕೊಳ್ಳಲು ಸಿಗುತ್ತದೆ. ಐಸ್ ಮೇಲೆ ಹಾಗೆ ಒರಗಿದರೆ ಟೋ ಪಿಕ್‌ನ ಹಲ್ಲು ಚುಚ್ಚಿಕೊಂಡು ಮುಖ ಅಡಿಯಾಗುತ್ತದೆ. ಭಾರ ಪಾದದ ಉಬ್ಬಿಗಿಂತ ತುಸು ಹಿಂದೆ ಬರಬೇಕು. ನಿಲ್ಲಿಸುವ ರೀತಿಯೂ ಬೇರೆ, ಕಾಲಿನ ತುದಿ ಎಳೆಯುವ ಅಭ್ಯಾಸ ಬಿಡಿಸಿ ಬ್ಲೇಡ್‌ನ ಪಕ್ಕದಿಂದ ಐಸ್ ಕೆರೆದು ನಿಲ್ಲಲು ಕಲಿಸುತ್ತಾರೆ. ನಾಲ್ಕನೇ ದಿನದಿಂದ ಅಂಚುಗಳು ಬಂದವು. ಎರಡನೇ ವಾರಕ್ಕೆ ಸಾಲ್ಕೋವ್, ಟೋ ಲೂಪ್ ಎಂಬ ನೆಗೆತಗಳು, ಒಂದು ಸುತ್ತಿನವು, ಮರಳಿದವು. ಲುಟ್ಜ್ ಎಂಬ ನೆಗೆತ ಮಾತ್ರ ಇಡೀ ವರ್ಷ ತಿಂದಿತು. ಎಡಗಾಲಿನ ಹಿಮ್ಮುಖ ಹೊರ ಅಂಚಿನಿಂದ ಏಳಬೇಕಾದದ್ದು, ಏಳುವ ಗಳಿಗೆಯಲ್ಲಿ ಒಳ ಅಂಚಿಗೆ ಹೊರಳುತ್ತಿತ್ತು. ಗಾಲಿಯ ಮೇಲೆ ಯಾರಿಗೂ ಕಾಣದಿದ್ದ ಆ ತಪ್ಪು ಐಸ್ ಮೇಲೆ ಬಿಳಿ ಗೆರೆಯಾಗಿ ಕಾಣುತ್ತದೆ. ಶಿಬಿರದಲ್ಲಿ ಪ್ರತಿ ಸೆಷನ್ ಮುಗಿದ ಮೇಲೆ ಆ ಗೆರೆಗಳ ಫೋಟೊ ತೆಗೆದಿಡಿ, ಊರಿಗೆ ಬಂದ ಮೇಲೆ ಕೋಚ್‌ಗೆ ತೋರಿಸಲು ಬೇಕಾಗುತ್ತದೆ.

ಗಾದಿ ಹಾಕಿದ ಒಳಚಡ್ಡಿ, ಎರಡು ಜೊತೆ ಕೈಗವಸು, ಬೇಗ ಒಣಗುವ ಬಿಗಿ ಪ್ಯಾಂಟ್ ಸಾಕು. ದಪ್ಪ ಸ್ವೆಟರ್ ಹಾಕಿದರೆ ಕೈ ಮೈಗೆ ಒತ್ತಿ ಬರುವುದಿಲ್ಲ. ಐಸ್ ಮೇಲೆ ಯಾರ ಸಂಗೀತ ಹಾಕಿದ್ದಾರೋ ಅವರಿಗೆ ಉಳಿದವರು ದಾರಿ ಬಿಡಬೇಕು. ಈ ಶಿಸ್ತನ್ನು ಮಗುವಿಗೆ ಊರಲ್ಲೇ ಹೇಳಿ ಕಳಿಸಿ, ಡಿಕ್ಕಿಗಳಾಗುವುದು ಹೊಸಬರಿಂದ.

ಊರಿಗೆ ಮರಳಿದ ಮೇಲೆ ದೊಡ್ಡ ಶತ್ರು ನಮ್ಮ ಗಾಳಿಯ ತೇವ. ಬ್ಲೇಡ್‌ನ ಅಡಿ ಚಪ್ಪಟೆಯಲ್ಲ, ನಡುವೆ ಉದ್ದಕ್ಕೂ ಸಣ್ಣ ಕಾಲುವೆಯಂಥ ಹಳ್ಳ. ಅದರ ಎರಡು ದಡಗಳೇ ಒಳ ಅಂಚು, ಹೊರ ಅಂಚು. ತುಕ್ಕು ಮೊದಲು ಹಿಡಿಯುವುದು ಆ ದಡಗಳಿಗೆ. ಐಸ್‌ನಿಂದ ಇಳಿದ ಕೂಡಲೇ ಹತ್ತಿ ಬಟ್ಟೆಯಿಂದ ಒರೆಸಿ, ಸ್ಕ್ರೂಗಳ ಸುತ್ತಲೂ ಒರೆಸಿ, ಬಟ್ಟೆಯ ಚೀಲ ತೊಡಿಸಿಡಿ. ಪ್ಲಾಸ್ಟಿಕ್ ಗಾರ್ಡ್ ನಡೆಯಲು ಮಾತ್ರ. ಅದರೊಳಗೆ ಹಾಗೇ ಇಟ್ಟರೆ ನೀರು ನಿಂತು ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಮಳೆಗಾಲದಲ್ಲಿ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡುತ್ತೇವೆ. ಬೂಟನ್ನು ಆ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬೂಷ್ಟು ಬರುತ್ತದೆ.

ಸಾಣೆ 20ರಿಂದ 30 ಗಂಟೆಯ ಬಳಕೆಗೊಮ್ಮೆ ಬೇಕು. ಚಾಕು, ಕತ್ತರಿ ಸಾಣೆ ಹಿಡಿಯುವವರಿಗೆ ಕೊಡಲೇಬೇಡಿ. ಅವರ ಕಲ್ಲು ನಡುವಿನ ಹಳ್ಳವನ್ನು ಅಳಿಸಿಬಿಡುತ್ತದೆ. ಅರ್ಧ ಇಂಚು ಅಥವಾ 7/16 ಇಂಚು ತ್ರಿಜ್ಯದ ಹಳ್ಳ ಎಂದು ಹೇಳಿ, ಫಿಗರ್ ಬ್ಲೇಡ್ ಗೊತ್ತಿರುವ ರಿಂಕ್‌ನವರ ಬಳಿಯೇ ಮಾಡಿಸಬೇಕು. ಐಸ್ ಹಾಕಿ ಆಟದ ಬ್ಲೇಡ್‌ಗೆ ಸಾಣೆ ಮಾಡುವವರು ಕೆಲವೊಮ್ಮೆ ಟೋ ಪಿಕ್‌ನ ಕೆಳಗಿನ ಹಲ್ಲನ್ನೂ ಉಜ್ಜಿಬಿಡುತ್ತಾರೆ. ಒಂದು ರಿಂಕ್‌ನಲ್ಲಿ ನಮಗೆ ಹಾಗಾಯಿತು. ಆ ಹಲ್ಲು ಗಿಡ್ಡವಾದ ಮೇಲೆ ಆ ಹಲ್ಲು ಊರಿ ಏಳುವ ಅವಳ ಟೋ ಲೂಪ್, ಫ್ಲಿಪ್ ನೆಗೆತಗಳೆರಡೂ ಕೆಟ್ಟವು, ಕಾರಣ ಗೊತ್ತಾಗುವುದರೊಳಗೆ ಆರು ದಿನ ಕಳೆದಿತ್ತು. ಸಾಣೆ ಆದ ಮೇಲೆ ಬ್ಲೇಡನ್ನು ತಲೆಕೆಳಗಾಗಿ ಹಿಡಿದು ಅಂಚುಗಳ ಮೇಲೆ ಒಂದು ಉಕ್ಕಿನ ಸ್ಕೇಲ್ ಅಡ್ಡ ಇಡಿ. ಸ್ಕೇಲ್ ಒಂದು ಕಡೆಗೆ ವಾಲಿದರೆ ಒಂದು ಅಂಚು ಎತ್ತರವಾಗಿದೆ ಎಂದರ್ಥ, ಅಲ್ಲೇ ವಾಪಸ್ ಕೊಡಿ.

ಈಗ ಅಂಕಗಳ ಲೆಕ್ಕ. ಗರಿಷ್ಠ ಅಂಕ 6.0 ಇದ್ದ ಹಳೆಯ ಪದ್ಧತಿ 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ತೀರ್ಪಿನ ಹಗರಣದ ನಂತರ ಹೋಯಿತು. ಈಗ ನೆಗೆತ, ಸ್ಪಿನ್ ಮುಂತಾದ ಪ್ರತಿ ಅಂಶಕ್ಕೂ ಮೂಲ ಅಂಕ, ಅದರ ಮೇಲೆ ಮಾಡಿದ ಗುಣಮಟ್ಟಕ್ಕೆ ಮೈನಸ್ 5ರಿಂದ ಪ್ಲಸ್ 5. ಒಂದೊಂದು ಹೆಜ್ಜೆ ಮೂಲ ಅಂಕದ ಶೇ 10. ಪಟ್ಟಿ ಪ್ರತಿ ಸೀಸನ್ ಪರಿಷ್ಕರಣೆಯಾಗುತ್ತದೆ, ನಾವು ಸ್ಪರ್ಧಿಸಿದಾಗಿನ ಲೆಕ್ಕ ಹೀಗಿತ್ತು (ಸಿಂಗಲ್ ಎಂದರೆ ಒಂದು ಸುತ್ತಿನ, ಡಬಲ್ ಎಂದರೆ ಎರಡು ಸುತ್ತಿನ ನೆಗೆತ): ಡಬಲ್ ಆಕ್ಸೆಲ್ 3.30, ಡಬಲ್ ಲುಟ್ಜ್ 2.10, ಡಬಲ್ ಸಾಲ್ಕೋವ್ 1.30, ಸಿಂಗಲ್ ಆಕ್ಸೆಲ್ 1.10. ಆಕ್ಸೆಲ್‌ಗೆ ಹೆಚ್ಚು, ಏಕೆಂದರೆ ಅದೊಂದೇ ಮುಮ್ಮುಖವಾಗಿ ಏಳುವ ನೆಗೆತ, ಅರ್ಧ ಸುತ್ತು ಜಾಸ್ತಿ.

ಮಕ್ಕಳಿಗೆ ಡಬಲ್ ಆಕ್ಸೆಲ್ ಹಾಕುವ ಆಸೆ. ಪೂರ್ತಿ ಸುತ್ತಿ ಬಿದ್ದರೆ ಏನಾಗುತ್ತದೆ ನೋಡಿ. ಗುಣಮಟ್ಟಕ್ಕೆ ಮೈನಸ್ 5 ಬಿದ್ದು 3.30ರಲ್ಲಿ ಅರ್ಧ ಹೋಗಿ 1.65, ಬಿದ್ದದ್ದಕ್ಕೆ 1 ಕಳೆದು 0.65. ನೆಟ್ಟಗೆ ಮಾಡಿದ ಸಿಂಗಲ್ ಆಕ್ಸೆಲ್‌ಗಿಂತ ಕಡಿಮೆ. ಅರ್ಧ ಸುತ್ತು ಕಡಿಮೆಯಾಗಿ ಬಿದ್ದರೆ ಅದನ್ನು ಸಿಂಗಲ್ ಎಂದೇ ಲೆಕ್ಕ ಹಾಕಿ, 1.10ರ ಅರ್ಧ 0.55ರಿಂದ 1 ಕಳೆಯುತ್ತಾರೆ. ಮಾಡದೇ ಇದ್ದಿದ್ದರೆ ಲಾಭ ಎನ್ನುವ ಸ್ಥಿತಿ. ಅದೇ ಹೊತ್ತನ್ನು ಸ್ಪಿನ್‌ಗೆ ಕೊಡಿ. ಕಾಲನ್ನೂ ಭಂಗಿಯನ್ನೂ ಬದಲಿಸುವ ಕಾಂಬಿನೇಷನ್ ಸ್ಪಿನ್ ಮೊದಲ ಲೆವೆಲ್‌ನಲ್ಲಿ (ಲೆವೆಲ್ ಎಂದರೆ ಕಷ್ಟದ ಮಟ್ಟ) 2.00, ನಾಲ್ಕನೇ ಲೆವೆಲ್‌ನಲ್ಲಿ 3.50. ಆ ಒಂದೂವರೆ ಅಂಕ ಒಂದು ಡಬಲ್ ಸಾಲ್ಕೋವ್‌ಗಿಂತ ಹೆಚ್ಚು, ಬೀಳುವ ಭಯವೂ ಕಡಿಮೆ. ಪ್ರತಿ ಭಂಗಿಯಲ್ಲಿ ಬಿಡದೆ ಎರಡು ಸುತ್ತು ಬಂದರೆ ಮಾತ್ರ ಆ ಭಂಗಿ ಲೆಕ್ಕಕ್ಕೆ ಬರುತ್ತದೆ. ಮಕ್ಕಳು ಒಂದೂವರೆಗೆ ಎದ್ದುಬಿಡುತ್ತಾರೆ. ಐಸ್ ಇಲ್ಲದ ನಮ್ಮೂರಲ್ಲಿ ಸ್ಪಿನ್ನರ್ ಹಲಗೆಯ (ನಿಂತು ಗಿರಕಿ ಹೊಡೆಯುವ ಪುಟ್ಟ ಹಲಗೆ) ಮೇಲೆ, ಇನ್‌ಲೈನ್ ಮೇಲೆ ದಿನವೂ ಅಭ್ಯಾಸ ಮಾಡಬಹುದಾದದ್ದೂ ಇದೇ.

ವಯಸ್ಸಿನ ಲೆಕ್ಕ ಐಸ್‌ನಲ್ಲಿ ಜುಲೈ 1ಕ್ಕೆ. ಜೂನಿಯರ್ ಸಿಂಗಲ್ಸ್‌ಗೆ ಆ ದಿನದೊಳಗೆ 13 ತುಂಬಿರಬೇಕು, 19 ತುಂಬಿರಬಾರದು. ಸೀನಿಯರ್‌ಗೆ ಮೊದಲು 15 ಸಾಕಿತ್ತು, ಈಗ 17. ಜುಲೈ 2ರಂದು ಹದಿಮೂರು ತುಂಬುವ ಮಗು ಆ ಸೀಸನ್ ಪೂರ್ತಿ ಕಾಯಬೇಕು. ರೋಲರ್‌ನ ವಯೋಮಿತಿಯ ದಿನಾಂಕವೇ ಬೇರೆ, ಆ ವರ್ಷದ ಸುತ್ತೋಲೆ ನೋಡಿ. ಐಸ್‌ನ ನೋಂದಣಿಯೂ ಪ್ರತ್ಯೇಕ, ಐಸ್ ಸ್ಕೇಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದ ಅಡಿಯಲ್ಲಿ. ರೋಲರ್ ಗುರುತಿನ ಸಂಖ್ಯೆ ಅಲ್ಲಿ ನಡೆಯುವುದಿಲ್ಲ.

ಔಷಧಿಯ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ನಮ್ಮ ಚಳಿಗೆ, ಮಳೆಗೆ ಕೆಮ್ಮು ಸಾಮಾನ್ಯ. ಮೆಡಿಕಲ್ ಅಂಗಡಿಯ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಇರುತ್ತದೆ. ಅದು ಕ್ರೀಡಾಪಟುಗಳಿಗೆ ಸ್ಪರ್ಧೆ ಇರಲಿ ಇಲ್ಲದಿರಲಿ ಯಾವಾಗಲೂ ನಿಷೇಧಿತ ಉದ್ದೀಪನ ಮದ್ದು. ಸಾಲ್ಬ್ಯುಟಮಾಲ್ ಇನ್ಹೇಲರ್‌ಗೆ 24 ಗಂಟೆಗೆ 1600 ಮೈಕ್ರೊಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೀರದಂತೆ ಅವಕಾಶವಿದೆ. ಅದೇ ಔಷಧಿಯ ಮಾತ್ರೆ, ಸಿರಪ್‌ಗೆ ಆ ಅವಕಾಶವಿಲ್ಲ. ಡಾಕ್ಟರ ಬಳಿ ಹೋದಾಗ "ಇವಳು ಸ್ಪರ್ಧೆಗೆ ಹೋಗುವವಳು ಸರ್" ಎಂದು ಮೊದಲೇ ಹೇಳಿ, ಚೀಟಿ ಇಟ್ಟುಕೊಳ್ಳಿ, ನಾಡಾದ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಔಷಧ ಹುಡುಕುವ ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಿ. ಬಿಡಲಾಗದ ಔಷಧಿಯಾದರೆ ಚಿಕಿತ್ಸಾ ವಿನಾಯಿತಿಗೆ ಮುಂಚೆಯೇ ಅರ್ಜಿ ಹಾಕಬೇಕು.

ಸ್ಪರ್ಧೆಯ ದಿನಕ್ಕೆ ಬಂದರೆ, ಶಾರ್ಟ್ ಪ್ರೋಗ್ರಾಂ 2 ನಿಮಿಷ 40 ಸೆಕೆಂಡ್, ಹತ್ತು ಸೆಕೆಂಡ್ ಆಚೀಚೆ ನಡೆಯುತ್ತದೆ. ಮೂರು ನೆಗೆತ, ಮೂರು ಸ್ಪಿನ್, ಒಂದು ಸ್ಟೆಪ್ ಸೀಕ್ವೆನ್ಸ್ (ಹೆಜ್ಜೆಗಳ ಸರಣಿ). ಜೂನಿಯರ್ ಫ್ರೀ ಪ್ರೋಗ್ರಾಂ ಮೂರೂವರೆ ನಿಮಿಷ. ಸಮಯ ಮೀರಿದರೆ ಪ್ರತಿ ಐದು ಸೆಕೆಂಡಿಗೆ ಒಂದು ಅಂಕ ಹೋಗುತ್ತದೆ. ಹೆಸರು ಕರೆದ 30 ಸೆಕೆಂಡಿನೊಳಗೆ ಆರಂಭದ ಭಂಗಿಯಲ್ಲಿ ನಿಲ್ಲಬೇಕು. ಬಟ್ಟೆಯಿಂದ ಮಣಿ, ಹೂವು ಕಳಚಿ ಐಸ್ ಮೇಲೆ ಬಿದ್ದರೂ ಒಂದು ಅಂಕ, ಹಾಗಾಗಿ ಅಂಟಿಸಿದ್ದನ್ನು ನಂಬದೆ ದಾರದಲ್ಲಿ ಹೊಲಿಸಿ. ಏನೇನು ಮಾಡುತ್ತೇವೆಂಬ ಪಟ್ಟಿಯನ್ನು ಮುಂಚೆಯೇ ಕೊಡಬೇಕು. ಸಂಗೀತವನ್ನು ಕಳಿಸಿದ ಮೇಲೂ ಎರಡು ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ನಮ್ಮದು ಅಲ್ಲಿ ತೆರೆಯಲಿಲ್ಲ, ಎರಡನೆಯದು ಉಳಿಸಿತು. ಹಾಡಿನ ಸಾಹಿತ್ಯ ಇರುವ ಸಂಗೀತ 2014ರ ಸೀಸನ್‌ನಿಂದ ಸಿಂಗಲ್ಸ್‌ನಲ್ಲಿಯೂ ನಡೆಯುತ್ತದೆ.

ಅವಳ ಸರದಿ ಬರುವ ಮುನ್ನ ಎರಡು ಗಂಟೆ ಹದಿನೈದು ನಿಮಿಷ ಕಾದೆವು. ಆ ಕಾಯುವಿಕೆಯಲ್ಲಿ ಸ್ನಾಯು ತಣ್ಣಗಾಗುತ್ತದೆ. ಜಂಪ್ ರೋಪ್, ನೆಲದ ಮೇಲೆ ಸುತ್ತುವ ನೆಗೆತ ಹತ್ತು, ಮತ್ತೆ ಜಾಕೆಟ್, ಹೀಗೆ ಅರ್ಧ ಗಂಟೆಗೊಮ್ಮೆ ಮಾಡಿಸಿದೆವು. ಲೇಸ್ ಮಾತ್ರ ಕೊನೆಯ ಹದಿನೈದು ನಿಮಿಷದಲ್ಲೇ ಕಟ್ಟಲಿ. ಮೊದಲೇ ಬಿಗಿದರೆ ಪಾದ ಜುಮ್ಮೆನ್ನುತ್ತದೆ. ಡಬಲ್ ಸಾಲ್ಕೋವ್, ಡಬಲ್ ಟೋ ಲೂಪ್ ನಿಂತವು. ಲುಟ್ಜ್‌ಗೆ ತಪ್ಪು ಅಂಚಿನ ಗುರುತು ಬಿತ್ತು. ಆಕ್ಸೆಲ್ ಸಿಂಗಲ್ ಮಾಡಿದಳು, ನೆಟ್ಟಗೆ ಮಾಡಿದಳು. ಪದಕ ಬರಲಿಲ್ಲ. ಅಂಕದ ಹಾಳೆ ಕೈಗೆ ಬಂದಾಗ ಅವಳು ಮೊದಲು ನೋಡಿದ್ದು ಸ್ಪಿನ್‌ನ ಲೆವೆಲ್: ಎರಡಕ್ಕೆ ಮೂರು, ಒಂದಕ್ಕೆ ನಾಲ್ಕು.

ಕೊನೆಯ ಎರಡು ವರ್ಷದ ಖರ್ಚು ಬರೆದಿಟ್ಟಿದ್ದೇನೆ. ಬೂಟು, ಬ್ಲೇಡ್, ಇನ್‌ಲೈನ್ ಫ್ರೇಮ್ ಸೇರಿ 90,000. ಎರಡು ಶಿಬಿರದ ಐಸ್ ಮತ್ತು ಕೋಚ್ ಶುಲ್ಕ 1,70,000. ಪ್ರಯಾಣ, ವಾಸ 95,000. ಸಾಣೆ, ಬಟ್ಟೆ, ನೋಂದಣಿ, ಫಿಸಿಯೊ ಸೇರಿ 40,000. ಕಡಿತ ಮಾಡಲೇಬೇಕಾದರೆ ಬಟ್ಟೆಯಲ್ಲಿ ಮಾಡಿ. ಬೂಟಿನಲ್ಲಿ, ಕೋಚ್‌ನಲ್ಲಿ ಬೇಡ.

ಸ್ಪರ್ಧೆಯಿಂದ ಬಂದ ಮೇಲೆ ಅಳೆದು ನೋಡಿದರೆ ಪಾದ 6 ಮಿ.ಮೀ. ಬೆಳೆದಿದೆ. ಹೊಸ ಬೂಟಿಗೆ ಆರ್ಡರ್ ಹಾಕಿದ್ದೇವೆ, ಈ ಸಲ ಎಲ್ಲ ಕಡೆ ಒಂದೇ ಹೆಸರು ಬರೆದು. ಹಳೆಯದನ್ನು ಮೂಡಿಗೆರೆಯ ಹುಡುಗಿಯೊಬ್ಬಳಿಗೆ ಕೇಳಿದ್ದಾರೆ. ಹಳೆ ಬೂಟು ಕೊಳ್ಳುವವರು ನೋಡಬೇಕಾದದ್ದು ಮೂರು: ಹಿಮ್ಮಡಿಯ ಮೇಲಿನ ಮಡಿಕೆ ಆಳವಾಗಿ ಮುರಿದಿದ್ದರೆ ಬೇಡ, ಸ್ಕ್ರೂ ಕೈಯಲ್ಲೇ ತಿರುಗಿದರೆ ಬೇಡ, ಬ್ಲೇಡ್‌ನ ಬದಿಯಲ್ಲಿ ಹದ ಹಾಕಿದ ಉಕ್ಕಿನ ಹೊಳಪು ಪಟ್ಟಿ ಸವೆದು ಮುಗಿಯುತ್ತ ಬಂದಿದ್ದರೆ ಬ್ಲೇಡ್‌ಗೆ ಬೆಲೆ ಕೊಡಬೇಡಿ. ನಮ್ಮದರಲ್ಲಿ ಪಟ್ಟಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಮಡಿಕೆ ತೆಳ್ಳಗಿದೆ. ಅವಳ ಪಾದದ ಅಳತೆಯನ್ನು ಸಂಜೆ ತೆಗೆದು ಕಳಿಸಿ ಎಂದು ಅವರ ಅಮ್ಮನಿಗೆ ಹೇಳಿದ್ದೇನೆ.